ಡಬ್ಬೆಂದು ಸಿಡಿದು ಸ್ಟಾರ್ಟ್ ಆಗದ ಹಳೆ ಕಾರು: ಕಾರ್ಬೊರೇಟರಿಗೆ ಕೈ ಹಾಕುವ ಮೊದಲು

ಜೂನ್ ಮಳೆಗೆ ಶೆಡ್ಡು ಸೇರಿದ ಅಂಬಾಸಿಡರನ್ನೋ ಪದ್ಮಿನಿಯನ್ನೋ ಚೌತಿಯ ಹೊತ್ತಿಗೆ ಹೊರಗೆ ತೆಗೆಯಲು ಹೊರಟಾಗ ಕಾಸರಗೋಡಿನ ಕಡೆ ಸಾಮಾನ್ಯವಾಗಿ ಎದುರಾಗುವ ತೊಂದರೆ ಇದು. ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ನಾಲ್ಕೈದು ಸಲ ಹೊಡೆದ ಮೇಲೆ ಸೈಲೆನ್ಸರಿನಲ್ಲೋ ಕಾರ್ಬೊರೇಟರಿನಲ್ಲೋ ಡಬ್ಬೆಂದು ಒಂದು ಸಿಡಿತ. ಆಗ ಹೆಚ್ಚಿನವರ ಕೈ ಹೋಗುವುದು ಕಾರ್ಬೊರೇಟರಿನ ಸ್ಕ್ರೂಗೆ. ಅಲ್ಲಿಂದ ತೊಂದರೆ ಎರಡಾಗುತ್ತದೆ: ಮೊದಲಿನದ್ದು ಹಾಗೆಯೇ ಉಳಿಯುತ್ತದೆ, ಸರಿಯಾಗಿದ್ದ ಕಾರ್ಬೊರೇಟರ್ ಕೂಡ ಕೆಡುತ್ತದೆ.

ಸಿಡಿಯುವ ಇಂಜಿನ್ ಒಂದು ಮಟ್ಟಿಗೆ ಒಳ್ಳೆಯ ಸುದ್ದಿಯನ್ನೇ ಹೇಳುತ್ತಿರುತ್ತದೆ. ಪೆಟ್ರೋಲ್ ಒಳಗೆ ಬರುತ್ತಿದೆ, ಸ್ಪಾರ್ಕ್ ಕೂಡ ಎಲ್ಲೋ ಬೀಳುತ್ತಿದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಸಿಡಿತವೇ ಇರುತ್ತಿರಲಿಲ್ಲ. ತಪ್ಪಿರುವುದು ಹೊತ್ತು. ವಾಲ್ವ್ ತೆರೆದಿರುವಾಗ ಬೆಂಕಿ ಬಿದ್ದಿದೆ, ಇಲ್ಲವೇ ಒಳಗೆ ಉರಿಯಬೇಕಾದದ್ದು ಹೊರಗೆ ಹೋಗಿ ಉರಿದಿದೆ. ಹಾಗಾಗಿ ಹುಡುಕಾಟ ಶುರುವಾಗಬೇಕಾದದ್ದು ಡಿಸ್ಟ್ರಿಬ್ಯೂಟರಿನಿಂದ, ಅಂದರೆ ಪ್ಲಗ್‌ಗಳಿಗೆ ಸರದಿ ಪ್ರಕಾರ ಕರೆಂಟು ಹಂಚುವ, ಗ್ಯಾರೇಜಿನವರು ಡೆಲ್ಕೊ ಎನ್ನುವ ಭಾಗದಿಂದ. ಕಾರ್ಬೊರೇಟರಿನ ಸರದಿ ಕೊನೆಯದು.

ಇಲ್ಲಿ ಹೇಳುವುದೆಲ್ಲ ಸಿ.ಬಿ. ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಸ್ಪಾರ್ಕ್ ಹುಟ್ಟಿಸುವ ಸಣ್ಣ ಸ್ವಿಚ್ಚು) ಇರುವ ಪೆಟ್ರೋಲ್ ಗಾಡಿಗಳಿಗೆ: 1489 ಸಿ.ಸಿ.ಯ ಹಳೆ ಅಂಬಾಸಿಡರ್, 1089 ಸಿ.ಸಿ.ಯ ಫಿಯೆಟ್ ಮತ್ತು ಪದ್ಮಿನಿ. ಇಸುಜು ಇಂಜಿನ್ನಿನ ಅಂಬಾಸಿಡರಿನ ಲೆಕ್ಕ ಬೇರೆ. ಡೀಸೆಲ್ ಗಾಡಿಗೆ ಇದರಲ್ಲಿ ಒಂದಕ್ಷರವೂ ಹೊಂದುವುದಿಲ್ಲ.

ಶುರು ಮಾಡುವ ಮೊದಲು

ಶೆಡ್ಡಿನ ಬಾಗಿಲು ಪೂರ್ತಿ ತೆರೆದಿರಲಿ. ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡರೆ ಇನ್ನೂ ಒಳ್ಳೆಯದು. ಒಂದು ಕಿಲೋದ ಎ.ಬಿ.ಸಿ. ಪೌಡರ್ ಎಕ್ಸ್‌ಟಿಂಗ್ವಿಶರ್ ಕೈಗೆಟಕುವಲ್ಲಿ ಇರಲಿ. ಅದಿಲ್ಲವಾದರೆ ಚೆನ್ನಾಗಿ ಒದ್ದೆ ಮಾಡಿದ ಗೋಣಿಚೀಲವಾದರೂ ಬೇಕು. ಕಾರ್ಬೊರೇಟರಿಗೆ ಬೆಂಕಿ ಹಿಡಿದರೆ ನೀರು ಎರಚಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನು ಬೇರೆ ಕಡೆಗೂ ಹರಡುತ್ತದೆ. ಗೋಣಿ ಹೊದೆಸಿ ಗಾಳಿ ತಪ್ಪಿಸಿ.

ಏರ್ ಕ್ಲೀನರ್ ಬಿಚ್ಚಿ ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲ್ ಹೊಯ್ದು ಸೆಲ್ಫ್ ಹೊಡೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ಬರೇ ಸ್ಟಾರ್ಟ್ ಆಗದ ಗಾಡಿಗೆ ಅದು ಹೇಗೋ ನಡೆದುಹೋಗಬಹುದು. ಸಿಡಿಯುವ ಗಾಡಿಗೆ ಖಂಡಿತ ಬೇಡ. ಜ್ವಾಲೆ ಬರುವುದು ಅದೇ ಬಾಯಿಂದ, ನಿಮ್ಮ ಕೈಯಲ್ಲಿರುವುದು ಪೆಟ್ರೋಲ್ ಬಾಟಲಿ. ಏರ್ ಕ್ಲೀನರ್ ತೆಗೆದಿರುವಾಗ ಬಗ್ಗಿ ಒಳಗೆ ನೋಡುವುದೂ ಬೇಡ.

ಇನ್ನೊಂದು ಮಾತು: ಡಬ್ ಎಂದ ಮೇಲೂ ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಉರಿಯದ ಪೆಟ್ರೋಲ್ ಆವಿ ಸೈಲೆನ್ಸರಿನಲ್ಲಿ ತುಂಬಿಕೊಂಡು ಮುಂದಿನ ಸಿಡಿತಕ್ಕೆ ಸೈಲೆನ್ಸರಿನ ಜೋಡಣೆಯೇ ಒಡೆಯಬಹುದು. ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಹೊಡೆದರೆ ಸೆಲ್ಫ್ ಮೋಟರ್ ಕೂಡ ಬಿಸಿಯಾಗಿ ಹಾಳಾಗುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಪ್ಲಗ್ ಸ್ಪಾನರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು), 12 ವೋಲ್ಟಿನ 5 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದ ಟೆಸ್ಟ್ ಲ್ಯಾಂಪ್, ಸಾದಾ ಮಲ್ಟಿಮೀಟರ್, ರಬ್ಬರ್ ಹಿಡಿಯ ಇಕ್ಕಳ, ಒಣ ಹತ್ತಿ ಬಟ್ಟೆ, ನುಣುಪಾದ ಎಮರಿ ಪೇಪರ್. ಹೊಸ ಪಾಯಿಂಟ್ ಸೆಟ್, ಕಂಡೆನ್ಸರ್, ರೋಟರ್ (ಡಿಸ್ಟ್ರಿಬ್ಯೂಟರಿನೊಳಗೆ ತಿರುಗುತ್ತಾ ಕರೆಂಟು ಹಂಚುವ ತುಂಡು) ಮತ್ತು ಕ್ಯಾಪ್ (ಅದರ ಮೇಲಿನ ಮುಚ್ಚಳ) ಒಂದೊಂದು ತಂದಿಟ್ಟುಕೊಂಡರೆ ಅರ್ಧ ಕೆಲಸದಲ್ಲಿ ಮಂಗಳೂರಿಗೆ ಓಡುವುದು ತಪ್ಪುತ್ತದೆ.

ಶಬ್ದ ಎಲ್ಲಿಂದ ಬಂತು?

ಇದನ್ನು ಗಮನಿಸಲು ಒಬ್ಬರು ಒಳಗೆ ಕೀ ತಿರುಗಿಸಲಿ, ಇನ್ನೊಬ್ಬರು ಪಕ್ಕಕ್ಕೆ ಸರಿದು ನಿಂತು ಕಿವಿ ಕೊಡಲಿ.

ಸೈಲೆನ್ಸರಿನಲ್ಲಿ ಹೊಡೆದರೆ ಅರ್ಥ ಇಷ್ಟು: ಸಿಲಿಂಡರಿನಲ್ಲಿ ಉರಿಯದ ಗಾಳಿ-ಪೆಟ್ರೋಲ್ ಮಿಶ್ರಣ ಹೊರಗೆ ಹೋಗಿದೆ, ಅಲ್ಲಿ ಬೆಂಕಿ ತಗಲಿದೆ. ಸ್ಪಾರ್ಕ್ ಬಿಟ್ಟು ಬಿಟ್ಟು ಬರುವುದು, ಟೈಮಿಂಗ್ ಬಹಳ ಹಿಂದೆ ಇರುವುದು (ಅಂದರೆ ಸ್ಪಾರ್ಕ್ ತಡವಾಗಿ ಬೀಳುವುದು), ಚೋಕ್ ಸಿಕ್ಕಿಕೊಂಡು ಪೆಟ್ರೋಲ್ ಅತಿಯಾಗುವುದು, ಇವು ಮುಖ್ಯ ಕಾರಣಗಳು.

ಕಾರ್ಬೊರೇಟರಿನ ಕಡೆ ಹೊಡೆದರೆ ಇನ್‌ಲೆಟ್ ವಾಲ್ವ್ ತೆರೆದಿರುವಾಗಲೇ ಒಳಗೆ ಬೆಂಕಿ ಇತ್ತು ಎಂದಾಯಿತು. ಪ್ಲಗ್ ವೈರ್ ಅದಲು ಬದಲಾಗಿರುವುದು, ಡಿಸ್ಟ್ರಿಬ್ಯೂಟರ್ 180 ಡಿಗ್ರಿ ತಿರುಗಿ ಕುಳಿತಿರುವುದು, ಕ್ಯಾಪಿನೊಳಗೆ ಕರೆಂಟು ಅಡ್ಡ ಹಾರುವುದು, ಟೈಮಿಂಗ್ ಬಹಳ ಮುಂದೆ ಇರುವುದು (ಅಂದರೆ ಸ್ಪಾರ್ಕ್ ಬೇಗ ಬೀಳುವುದು), ಇನ್‌ಲೆಟ್ ವಾಲ್ವ್ ಪೂರ್ತಿ ಮುಚ್ಚದಿರುವುದು. ಪೆಟ್ರೋಲ್ ತೀರಾ ಕಮ್ಮಿಯಾದರೂ ಹೀಗಾಗುತ್ತದೆ. ತೆಳು ಮಿಶ್ರಣ ನಿಧಾನ ಉರಿಯುತ್ತದೆ; ಎಕ್ಸಾಸ್ಟ್ ಮುಗಿದು ಇನ್‌ಲೆಟ್ ತೆರೆಯುವ ಹೊತ್ತಿಗೂ ಒಳಗೆ ಕಿಡಿ ಉಳಿದಿದ್ದು ಹೊಸದಾಗಿ ಬರುವ ಮಿಶ್ರಣಕ್ಕೆ ತಗಲುತ್ತದೆ.

ಮೂರನೆಯದೊಂದು ಲಕ್ಷಣ: ಸೆಲ್ಫ್ ಹೊಡೆಯುವಾಗ ಇಂಜಿನ್ ತಡೆತಡೆದು ತಿರುಗಿ ಹಿಂದಕ್ಕೆ ಒದೆಯುತ್ತದೆ. ಇದು ಟೈಮಿಂಗ್ ಅತಿ ಮುಂದೆ ಹೋಗಿರುವುದರ ನೇರ ಗುರುತು. ಅಂಬಾಸಿಡರಿಗೆ ಮುಂದಿನಿಂದ ಹ್ಯಾಂಡಲ್ ಹಾಕುವವರಂತೂ ಇಂಥ ಗಾಡಿಯಲ್ಲಿ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಬೇಕು. ಸುತ್ತಿ ಹಿಡಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದಾಗ ಬೆರಳು ಮುರಿಯುತ್ತದೆ.

ಬ್ಯಾಟರಿ ಮತ್ತು ಅರ್ಥ್

ಸುಮ್ಮನೆ ನಿಂತಿರುವ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಇಂಜಿನ್ ತಿರುಗುತ್ತದೆ, ಆದರೆ ಬ್ಯಾಟರಿಯ ವೋಲ್ಟೇಜನ್ನು ಸ್ಪಾರ್ಕಿಗೆ ಬೇಕಾದಷ್ಟು ಏರಿಸುವ ಕಾಯಿಲಿಗೆ ಉಳಿಯುವ ಕರೆಂಟು ಸಾಲದು. ಸ್ಪಾರ್ಕ್ ಬಿಟ್ಟು ಬಿಟ್ಟು ಬೀಳುತ್ತದೆ, ಸೈಲೆನ್ಸರಿನಲ್ಲಿ ಸಿಡಿಯುತ್ತದೆ. ಕೀ ಬಿಟ್ಟ ಆ ಕ್ಷಣದಲ್ಲಿ ಇಂಜಿನ್ ಒಮ್ಮೆ ಹಿಡಿದ ಹಾಗೆ ಮಾಡಿ ನಿಂತರೆ ಮೊದಲು ಇದನ್ನೇ ಸಂಶಯಿಸಿ.

ಕಡಲ ಬದಿಯ ಊರುಗಳಲ್ಲಿ, ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ, ಬ್ಯಾಟರಿಗಿಂತ ಅರ್ಥ್ ಪಟ್ಟಿಯೇ ಹೆಚ್ಚು ಕಾಡುತ್ತದೆ. ಉಪ್ಪು ಗಾಳಿಗೆ ತಾಮ್ರದ ಎಳೆಗಳು ಹಸಿರುಗಟ್ಟಿ ಒಳಗಿಂದಲೇ ಕೊಳೆತಿರುತ್ತವೆ, ಮೇಲಿನಿಂದ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಪಟ್ಟಿ ಬದಲಿಸಿ. ಹಳೆಯ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಅರ್ಥ್ ಆಗಿರುವುದೂ ಉಂಟು, ಜೋಡಿಸುವ ಮೊದಲು ಒಮ್ಮೆ ನೋಡಿಕೊಳ್ಳಿ.

ಜೊತೆಗೆ ಬೊನೆಟ್ಟಿನೊಳಗೆ ಇಲಿ ಹೊಕ್ಕಿತ್ತೇ ನೋಡಿ. ಮಳೆಗಾಲದಲ್ಲಿ ಇಲಿಗಳಿಗೆ ಇಂಜಿನ್ನಿನ ಮೇಲ್ಭಾಗ ಬೆಚ್ಚಗಿನ ಮನೆ. ಪ್ಲಗ್ ವೈರಿನ ರಬ್ಬರ್ ಕಡಿದಿಟ್ಟರೆ ಕರೆಂಟು ಅಲ್ಲೇ ಬ್ಲಾಕಿಗೆ ಇಳಿಯುತ್ತದೆ.

ಪ್ಲಗ್ ಬಿಚ್ಚಿ ಓದಿ

ನಾಲ್ಕೂ ಪ್ಲಗ್ ಬಿಚ್ಚುವ ಮೊದಲು ವೈರುಗಳಿಗೆ ಗುರುತು ಹಾಕಿ. ತುಂಡು ಟೇಪ್ ಅಂಟಿಸಿ ಪೆನ್ನಿನಲ್ಲಿ 1, 2, 3, 4 ಬರೆದರೆ ಸಾಕು. ರೇಡಿಯೇಟರಿನ ಬದಿಯದ್ದು 1.

ನಾಲ್ಕೂ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಓವರ್‌ಫ್ಲೋ ಆಗಿದೆ. ಪ್ಲಗ್ ಇಲ್ಲದೆಯೇ, ಕಾಯಿಲಿನಿಂದ ಕ್ಯಾಪಿಗೆ ಬರುವ ದಪ್ಪ ವೈರನ್ನು ಕಿತ್ತು ಬ್ಲಾಕಿಗೆ ಅರ್ಥ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹದಿನೈದು ನಿಮಿಷ ಹಾಗೇ ಬಿಡಿ. ಒಂದೇ ಒಂದು ಪ್ಲಗ್ ಒದ್ದೆಯಾಗಿದ್ದರೆ ಆ ವೈರ್ ಅಥವಾ ಆ ಪ್ಲಗ್ ಕೆಟ್ಟಿದೆ. ನಾಲ್ಕೂ ಒಣಗಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು ಎನ್ನಬಹುದು. ಆದರೂ ಅದನ್ನು ಬರೆದಿಟ್ಟುಕೊಂಡು ಮುಂದೆ ಹೋಗಿ, ಕಾರ್ಬೊರೇಟರ್ ಬಿಚ್ಚಲು ಇನ್ನೂ ಹೊತ್ತಿದೆ.

ಗ್ಯಾಪ್ 0.6 ಮಿ.ಮೀ. ಇಡಿ. ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪ್ಲಗ್ ಎಸೆಯಿರಿ.

ಸ್ಪಾರ್ಕ್ ನೋಡುವುದು

ಪ್ಲಗ್‌ಗಳನ್ನು ಹಿಂದಕ್ಕೆ ಹಾಕಿ. ತೆರೆದ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತಿರುವಾಗ ಪಕ್ಕದಲ್ಲೇ ಸ್ಪಾರ್ಕ್ ಹಾರಿಸುವುದು ಬೆಂಕಿಗೆ ಆಹ್ವಾನ. ಕಾಯಿಲಿನ ದಪ್ಪ ವೈರನ್ನು ಕ್ಯಾಪಿನಿಂದ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ತುದಿಯನ್ನು ಬ್ಲಾಕಿನಿಂದ 6 ಮಿ.ಮೀ. ದೂರ ಇಡಿ. ಸೆಲ್ಫ್ ಹೊಡೆದರೆ ಚಟ್ ಚಟ್ ಎಂದು ನೀಲಿ ಸ್ಪಾರ್ಕ್ ಒಂದೇ ಲಯದಲ್ಲಿ ಹಾರಬೇಕು. ಹಳದಿ ಬಣ್ಣದ ತೆಳ್ಳಗಿನ ಸ್ಪಾರ್ಕ್, ನಡುವೆ ತಪ್ಪಿಸುವ ಸ್ಪಾರ್ಕ್ ಇದ್ದರೆ ದೋಷ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಈ ಮೂರರಲ್ಲಿದೆ. ನೀಲಿಯೇ ಇದ್ದರೆ ದೋಷ ಮುಂದಿನದರಲ್ಲಿ: ಕ್ಯಾಪ್, ರೋಟರ್, ವೈರ್, ಟೈಮಿಂಗ್. ಈ ಒಂದು ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಕ್ಯಾಪ್ ಮತ್ತು ರೋಟರ್

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ ಅತಿ ಹೆಚ್ಚು ಗಾಡಿಗಳು ಸಿಡಿಯುವುದು ಇಲ್ಲಿಯ ದೋಷಕ್ಕೆ. ಕ್ಯಾಪಿನ ಎರಡು ಕ್ಲಿಪ್ ಬಿಡಿಸಿ, ವೈರುಗಳನ್ನು ಕೀಳದೆ ಕ್ಯಾಪನ್ನು ಮಗುಚಿ ಬೆಳಕಿಗೆ ಹಿಡಿಯಿರಿ.

ಒಳಗೆ ತೇವ ಇದ್ದರೆ ಗೋಡೆ ಮಂಜಾಗಿ ಕಾಣುತ್ತದೆ. ಆ ತೇವದ ಮೇಲೆ ಕರೆಂಟು ಜಾರಿಕೊಂಡು ಒಂದು ಕಂಬದಿಂದ ಪಕ್ಕದ ಕಂಬಕ್ಕೆ ಹಾರುತ್ತದೆ. 1ನೇ ಸಿಲಿಂಡರಿಗೆ ಹೋಗಬೇಕಾದ ಸ್ಪಾರ್ಕ್ 3ನೆಯದಕ್ಕೋ 2ನೆಯದಕ್ಕೋ ಹೋಗಿ ಬೀಳುತ್ತದೆ, ಅಲ್ಲಿ ವಾಲ್ವ್ ತೆರೆದಿದ್ದರೆ ಡಬ್. ಒಣ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಡಿ. ಬಿಸಿಲಿಲ್ಲದಿದ್ದರೆ ಹೇರ್ ಡ್ರೈಯರ್ ಆದೀತು. ಒಲೆಯ ಮೇಲೆ ಹಿಡಿಯುವುದು ಬೇಡ, ಬೇಕಲೈಟ್ ಬಿರಿಯುತ್ತದೆ.

ತೇವಕ್ಕಿಂತ ಕೆಟ್ಟದ್ದು ಅದು ಬಿಟ್ಟು ಹೋಗುವ ಕರಿ ಗೆರೆ. ಎರಡು ಕಂಬಗಳ ನಡುವೆ ಸಪೂರ ಬೇರಿನಂತೆ ಕವಲೊಡೆದ ಗೆರೆ ಕಂಡರೆ ಕರೆಂಟು ಅಲ್ಲಿ ದಾರಿ ಸುಟ್ಟುಕೊಂಡಿದೆ ಎಂದರ್ಥ. ಅದನ್ನು ಕೆರೆದು ತೆಗೆದರೂ ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ಕ್ಯಾಪ್ ಬದಲಿಸುವುದೇ ಸರಿ. ಕ್ಯಾಪಿನ ನಡುವಿನ ಕರಿ ಕಾರ್ಬನ್ ತುಂಡು ಸ್ಪ್ರಿಂಗಿನ ಮೇಲೆ ಒಳಗೆ ಹೊರಗೆ ಆಡುತ್ತದೆಯೇ ನೋಡಿ. ಅದು ಸವೆದು ಹೋಗಿದ್ದರೆ, ಇಲ್ಲವೇ ಒಳಗೇ ಸಿಕ್ಕಿಕೊಂಡಿದ್ದರೆ ರೋಟರಿಗೆ ಕರೆಂಟು ಮುಟ್ಟುವುದಿಲ್ಲ.

ರೋಟರಿನ ದೋಷ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಹೆಚ್ಚು ಜನ ಮೋಸ ಹೋಗುತ್ತಾರೆ. ಒಳಗಿನ ಪ್ಲಾಸ್ಟಿಕ್ ಸೀಳಿ ಕರೆಂಟು ಕೆಳಗಿನ ಶಾಫ್ಟಿಗೆ ಇಳಿಯುತ್ತಿರುತ್ತದೆ. ಪರೀಕ್ಷೆ ಹೀಗೆ: ಕ್ಯಾಪ್ ತೆಗೆದಿಟ್ಟು ರೋಟರನ್ನು ಅದರ ಜಾಗದಲ್ಲೇ ಬಿಡಿ, ಪಾಯಿಂಟ್ ಮುಚ್ಚಿರುವ ಹಾಗೆ ಇಂಜಿನ್ ನಿಲ್ಲಿಸಿ. ಕಾಯಿಲಿನ ದಪ್ಪ ವೈರನ್ನು ಇಕ್ಕಳದಲ್ಲಿ ಹಿಡಿದು ರೋಟರಿನ ಹಿತ್ತಾಳೆಯ ನಡುಭಾಗಕ್ಕಿಂತ 3 ಮಿ.ಮೀ. ಮೇಲೆ ಇಡಿ. ಇಗ್ನಿಷನ್ ಹಾಕಿ, ಒಣ ಮರದ ಕಡ್ಡಿಯಿಂದ ಪಾಯಿಂಟನ್ನು ಪಟಕ್ಕನೆ ತೆರೆಯಿರಿ. ರೋಟರಿಗೆ ಸ್ಪಾರ್ಕ್ ಹಾರಬಾರದು. ಪ್ರತಿ ಸಲವೂ ಹಾರಿದರೆ ಆ ಕರೆಂಟು ಶಾಫ್ಟಿಗೆ ಇಳಿಯುತ್ತಿದೆ, ರೋಟರ್ ಸತ್ತಿದೆ. ಹೊಸದೆಂದು ತಂದ ರೋಟರನ್ನೂ ಹೀಗೇ ನೋಡಿಕೊಳ್ಳುವುದು ಒಳ್ಳೆಯದು, ಈಗ ಸಿಗುವ ಕಡಿಮೆ ಬೆಲೆಯ ಮಾಲಿನಲ್ಲಿ ಹೊಸತೇ ಸೋರುವುದುಂಟು.

ವೈರುಗಳ ಕ್ರಮ ಅಂಬಾಸಿಡರಿನಲ್ಲೂ ಪದ್ಮಿನಿಯಲ್ಲೂ 1-3-4-2. ಅಂಬಾಸಿಡರಿನ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಆದ್ದರಿಂದ ವೈರುಗಳನ್ನೂ ಆ ದಿಕ್ಕಿನಲ್ಲೇ ಎಣಿಸಬೇಕು. ಬೇರೆ ಗಾಡಿಯಾದರೆ ಕ್ಯಾಪ್ ತೆಗೆದು ಸೆಲ್ಫ್ ಒಮ್ಮೆ ಮುಟ್ಟಿಸಿ ದಿಕ್ಕನ್ನು ಕಣ್ಣಾರೆ ನೋಡಿ. ಎರಡು ವೈರ್ ಮಾತ್ರ ಅದಲು ಬದಲಾದರೆ ಗಾಡಿ ಉಳಿದೆರಡು ಸಿಲಿಂಡರಿನಲ್ಲಿ ನಡುಗುತ್ತಾ ಸ್ಟಾರ್ಟ್ ಆಗಲೂಬಹುದು. ನಾಲ್ಕೂ ಒಂದೊಂದು ಮನೆ ಸರಿದಿದ್ದರೆ ಬರೇ ಸಿಡಿತ.

ವೈರಿನ ಸೋರಿಕೆ ಹಿಡಿಯಲು ರಾತ್ರಿ ಬೇಕು. ದೀಪ ಆರಿಸಿ ಬೊನೆಟ್ ತೆರೆದು ಸೆಲ್ಫ್ ಹೊಡೆಸಿದರೆ ಕೆಟ್ಟ ವೈರಿನಿಂದ ಬ್ಲಾಕಿಗೆ ನೀಲಿ ಎಳೆ ಹಾರುವುದು ಕಾಣುತ್ತದೆ.

ಪಾಯಿಂಟ್, ಕಂಡೆನ್ಸರ್, ಕಾಯಿಲ್

ಪಾಯಿಂಟಿನ ಎರಡು ಮುಖಗಳು ಬೂದು ಬಣ್ಣದಲ್ಲಿ ಸಮವಾಗಿರಬೇಕು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅವುಗಳ ಮೇಲೆ ತೆಳು ತುಕ್ಕಿನ ಪೊರೆ ಕಟ್ಟಿರುತ್ತದೆ. ಎಮರಿಯಲ್ಲಿ ಎರಡು ಸಲ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಎಷ್ಟೋ ಗಾಡಿಗಳು ಅಷ್ಟಕ್ಕೇ ಸರಿಯಾಗುತ್ತವೆ. ಹೊಸ ಪಾಯಿಂಟಿಗೂ ತುಕ್ಕು ಹಿಡಿಯದಿರಲೆಂದು ಎಣ್ಣೆ ಬಳಿದಿರುತ್ತಾರೆ, ಅದನ್ನೂ ಒರೆಸಿಯೇ ಹಾಕಬೇಕು.

ಒಂದು ಮುಖದಲ್ಲಿ ಗುಳಿ, ಎದುರಿನ ಮುಖದಲ್ಲಿ ಮೊನೆ ಎದ್ದಿದ್ದರೆ ಕಂಡೆನ್ಸರ್ ಕೆಟ್ಟಿದೆ ಎಂದು ತಿಳಿಯಿರಿ. ಪಾಯಿಂಟ್ ತೆರೆಯುವಾಗ ಕರೆಂಟು ಅಲ್ಲೇ ಕಿಡಿಯಾಗಿ ಪೋಲಾಗದಂತೆ ಹೀರಿಕೊಳ್ಳುವುದು ಕಂಡೆನ್ಸರಿನ ಕೆಲಸ. ಅದು ಸೋತರೆ ಪಾಯಿಂಟಿನಲ್ಲಿ ದೊಡ್ಡ ಹಳದಿ ಕಿಡಿ, ಪ್ಲಗ್ಗಿನಲ್ಲಿ ಬಡಕಲು ಸ್ಪಾರ್ಕ್. ಕ್ಯಾಪ್ ತೆಗೆದು ಸೆಲ್ಫ್ ಹೊಡೆಸಿದರೆ ಈ ಕಿಡಿ ಕಣ್ಣಿಗೇ ಕಾಣುತ್ತದೆ. ಬಿಸಿಯಾದಾಗ ಸಿಡಿದು ನಿಂತು, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕಂಡೆನ್ಸರನ್ನೋ ಕಾಯಿಲನ್ನೋ ಹಿಡಿಯಬೇಕು. ಕಂಡೆನ್ಸರಿನ ಅಳತೆ 0.2 ಮೈಕ್ರೋಫ್ಯಾರಡ್ ಸುಮಾರು. ಅಳೆಯುವುದಕ್ಕಿಂತ ಬದಲಿಸಿ ನೋಡುವುದೇ ಸುಲಭ.

ಗ್ಯಾಪ್ ಇಡುವಾಗ ಪಾಯಿಂಟಿನ ಫೈಬರ್ ಹಿಮ್ಮಡಿ ಕ್ಯಾಮಿನ ಮೂಲೆಯ ನೆತ್ತಿಗೆ ಬರುವಂತೆ ಇಂಜಿನ್ ತಿರುಗಿಸಿ. 0.4 ಮಿ.ಮೀ. ಎಲೆ ಅತ್ತ ಬಿಗಿಯಲ್ಲ ಇತ್ತ ಸಡಿಲವಲ್ಲ ಎಂಬಂತೆ ಜಾರಬೇಕು. ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಪ್ಲೇಟು ಸರಿಯುವುದೇ ಹೆಚ್ಚು. ಕ್ಯಾಮಿಗೆ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸ್ ಸಾಕು; ಹೆಚ್ಚಾದರೆ ಹಾರಿ ಪಾಯಿಂಟಿಗೆ ಮೆತ್ತಿಕೊಳ್ಳುತ್ತದೆ.

ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಈ ಕ್ರಮ ತಪ್ಪಿಸಬೇಡಿ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದೆ ಹೋಗುತ್ತದೆ, ಕಮ್ಮಿಯಾದರೆ ಹಿಂದೆ ಬೀಳುತ್ತದೆ. ಹಿಮ್ಮಡಿ ಸವೆದ ಗಾಡಿಯಲ್ಲಿ ಯಾರೂ ಡಿಸ್ಟ್ರಿಬ್ಯೂಟರ್ ಮುಟ್ಟದಿದ್ದರೂ ಟೈಮಿಂಗ್ ತಾನಾಗಿ ಹಿಂದೆ ಸರಿಯುವುದು ಹೀಗೆಯೇ.

ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ವೈರನ್ನೂ ಬೆರಳಿನಿಂದ ಎಳೆದು ನೋಡಿ. ವ್ಯಾಕ್ಯೂಮ್ ಎಳೆದಾಗಲೆಲ್ಲ ಒಳಗಿನ ಪ್ಲೇಟ್ ಆಡುತ್ತದೆ, ಅದರ ಜೊತೆ ಆಡಿ ಆಡಿ ವೈರಿನ ತಾಮ್ರ ಒಳಗೆ ತುಂಡಾಗಿ ಹೊದಿಕೆ ಮಾತ್ರ ಉಳಿದಿರುತ್ತದೆ. ಪಾಯಿಂಟಿನ ಕಂಬದ ಫೈಬರ್ ವಾಷರ್ ಹಿಂದುಮುಂದಾಗಿ ಕುಳಿತರೂ ಸ್ಪಾರ್ಕ್ ಪೂರ್ತಿ ಸತ್ತುಹೋಗುತ್ತದೆ.

ಕಾಯಿಲಿನ ಎರಡು ಸಣ್ಣ ಕಂಬಗಳ ನಡುವೆ 3ರಿಂದ 3.5 ಓಮ್ ಇರಬೇಕು. ಬ್ಯಾಲಸ್ಟ್ (ಕರೆಂಟು ತಗ್ಗಿಸುವ ಹೊರಗಿನ ರೆಸಿಸ್ಟರ್) ಇರುವ ಕಾಯಿಲಾದರೆ 1.5 ಓಮ್ ಆಸುಪಾಸು. ಇಷ್ಟೆಲ್ಲ ಪರೀಕ್ಷೆ ಮಾಡುವಾಗ ಇಗ್ನಿಷನ್ ಹಾಕಿಟ್ಟು ಚಾ ಕುಡಿಯಲು ಹೋಗಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಬೆಂದುಹೋಗುತ್ತದೆ.

ಟೈಮಿಂಗ್

ಮೊದಲು ಡಿಸ್ಟ್ರಿಬ್ಯೂಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ತಿರುಗಿದರೆ ಕ್ಲಾಂಪ್ ಸಡಿಲವಾಗಿದೆ, ಅರ್ಧ ಉತ್ತರ ಸಿಕ್ಕಿತು.

1. ಕಾಯಿಲಿನ ದಪ್ಪ ವೈರ್ ಕಿತ್ತು ಅರ್ಥ್ ಮಾಡಿ, ಗಾಡಿ ನ್ಯೂಟ್ರಲಿನಲ್ಲಿರಲಿ, ಚಕ್ರಕ್ಕೆ ಅಡ್ಡ ಕಲ್ಲಿಡಿ. ನಾಲ್ಕೂ ಪ್ಲಗ್ ಬಿಚ್ಚಿ. 1ನೇ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಬ್ಬರು ಹ್ಯಾಂಡಲಿನಲ್ಲಿ ಅಥವಾ ಪುಲ್ಲಿ ಬೋಲ್ಟಿಗೆ ಸ್ಪಾನರ್ ಹಾಕಿ ಇಂಜಿನ್ನನ್ನು ಮುಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗಿಸಲಿ. ಗಾಳಿ ಬೆರಳನ್ನು ಹೊರಗೆ ತಳ್ಳುವಾಗ ಕಂಪ್ರೆಷನ್ ಶುರುವಾಗಿದೆ.

2. ಹಾಗೇ ನಿಧಾನ ತಿರುಗಿಸಿ ಪುಲ್ಲಿಯ ಕಚ್ಚನ್ನು ಟೈಮಿಂಗ್ ಕವರಿನ ಮೊನೆಗಳ ಬಳಿ ತನ್ನಿ. ಅಂಬಾಸಿಡರಿನಲ್ಲಿ ಉದ್ದದ ಮೊನೆ ಟಿ.ಡಿ.ಸಿ., ಅಂದರೆ ಪಿಸ್ಟನ್ ತೀರಾ ಮೇಲೆ ಬಂದು ನಿಲ್ಲುವ ಜಾಗ; ಉಳಿದೆರಡು ಅದಕ್ಕಿಂತ 5 ಮತ್ತು 10 ಡಿಗ್ರಿ ಮೊದಲಿನವು. ಸ್ಟಾರ್ಟ್ ಮಾಡುವಷ್ಟಕ್ಕೆ 5 ಡಿಗ್ರಿಯ ಮೊನೆಗೆ ನಿಲ್ಲಿಸಿ. ದಾಟಿ ಹೋದರೆ ಕಾಲು ಸುತ್ತು ಹಿಂದೆ ತಂದು ಮತ್ತೆ ಮುಂದಕ್ಕೆ ಬನ್ನಿ, ಚೈನಿನ ಸಡಿಲು ಲೆಕ್ಕ ತಪ್ಪಿಸುತ್ತದೆ.

3. ಕ್ಯಾಪ್ ತೆಗೆದು ರೋಟರ್ ಎತ್ತ ಮುಖ ಮಾಡಿದೆ ನೋಡಿ. ಅದು 1ನೇ ವೈರಿನ ಕಂಬದ ಕಡೆ ಇರಬೇಕು. ಸರಿಯಾಗಿ ಎದುರಿನ 4ನೆಯದಕ್ಕೆ ಮುಖ ಮಾಡಿದ್ದರೆ 180 ಡಿಗ್ರಿ ತಪ್ಪಿದೆ.

ಈ ಕೊನೆಯದು ಹೇಗಾಗುತ್ತದೆಂದರೆ, 1 ಮತ್ತು 4ನೇ ಪಿಸ್ಟನ್ ಯಾವಾಗಲೂ ಒಟ್ಟಿಗೇ ಮೇಲೆ ಬರುತ್ತವೆ. ಒಂದು ಕಂಪ್ರೆಷನ್ನಿನಲ್ಲಿ, ಇನ್ನೊಂದು ಎಕ್ಸಾಸ್ಟ್ ಮುಗಿಸುವಲ್ಲಿ. ಪುಲ್ಲಿಯ ಕಚ್ಚು ಮಾತ್ರ ನೋಡಿ ಹೆಬ್ಬೆರಳಿಡದೆ ಜೋಡಿಸಿದವರು ಇಲ್ಲೇ ಎಡವುವುದು. ಅಂಬಾಸಿಡರಿನ ಡಿಸ್ಟ್ರಿಬ್ಯೂಟರಿನ ಬುಡದಲ್ಲಿರುವ ನಾಲಗೆ ನಡುವಿನಿಂದ ತುಸು ಪಕ್ಕಕ್ಕೆ ಸರಿದಿದೆ, ತಲೆಕೆಳಗಾಗಿ ಕೂರಲಾರದು. ಹಾಗಿದ್ದೂ ತಪ್ಪಿದ್ದರೆ ಇಂಜಿನ್ ಬಿಚ್ಚಿದವರು ಒಳಗಿನ ಡ್ರೈವ್ ಗೇರನ್ನು ತಪ್ಪಾಗಿ ಕೂರಿಸಿದ್ದಾರೆ. ಗೇರ್ ಮತ್ತೆ ತೆಗೆಯುವ ಗೋಜಿಲ್ಲದೆ ನಾಲ್ಕೂ ವೈರುಗಳನ್ನು ಕ್ಯಾಪಿನಲ್ಲಿ ಎದುರು ಬದಿಗೆ ಬದಲಿಸಿದರೂ ಗಾಡಿ ಓಡುತ್ತದೆ. ಆದರೆ ಮುಂದೆ ಯಾರಾದರೂ ಪುಸ್ತಕ ನೋಡಿ ವೈರ್ ಹಾಕಿದ ದಿನ ಅದೇ ಸಿಡಿತ ಮರಳಿ ಬರುವುದರಿಂದ, ಕ್ಯಾಪಿನ ಮೇಲೆ 1ನೆಯದರ ಜಾಗವನ್ನು ಬಣ್ಣದಲ್ಲಿ ಗುರುತಿಸಿಡಬೇಕು.

4. ಟೆಸ್ಟ್ ಲ್ಯಾಂಪಿನ ಒಂದು ವೈರನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಂಬಕ್ಕೆ, ಇನ್ನೊಂದನ್ನು ಬ್ಲಾಕಿಗೆ ಜೋಡಿಸಿ ಇಗ್ನಿಷನ್ ಹಾಕಿ. ಪಾಯಿಂಟ್ ಮುಚ್ಚಿದ್ದರೆ ದೀಪ ಆರಿರುತ್ತದೆ, ತೆರೆದ ಕೂಡಲೇ ಹತ್ತುತ್ತದೆ.

5. ಕ್ಲಾಂಪ್ ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೇ ದೀಪ ಆರುವ ತನಕ ತಿರುಗಿಸಿ. ಆಮೇಲೆ ಅದರ ವಿರುದ್ಧ ದಿಕ್ಕಿಗೆ, ಅಂಬಾಸಿಡರಿನಲ್ಲಿ ಗಡಿಯಾರದ ದಿಕ್ಕಿಗೆ, ಕೂದಲೆಳೆಯಷ್ಟೇ ಸರಿಸುತ್ತಾ ಬನ್ನಿ. ದೀಪ ಹತ್ತಿದ ಜಾಗದಲ್ಲಿ ಕೈ ನಿಲ್ಲಿಸಿ ಕ್ಲಾಂಪ್ ಬಿಗಿಯಿರಿ. ಬಿಗಿದ ಮೇಲೆ ಇಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ಅದೇ ಮೊನೆಯಲ್ಲಿ ದೀಪ ಹತ್ತುತ್ತದೆಯೇ ಖಚಿತಪಡಿಸಿಕೊಳ್ಳಿ.

ಕಚ್ಚು ಪ್ರತಿ ಸಲ ಬೇರೆ ಬೇರೆ ಕಡೆ ಬಂದರೆ ಡಿಸ್ಟ್ರಿಬ್ಯೂಟರಿನ ಬುಷ್ ಸವೆದು ಶಾಫ್ಟ್ ಅಲ್ಲಾಡುತ್ತಿದೆ. ಟೈಮಿಂಗ್ ಚೈನನ್ನೂ ಇದೇ ಹೊತ್ತಿಗೆ ನೋಡಿ: ರೋಟರಿನ ಮೇಲೆ ಕಣ್ಣಿಟ್ಟು ಪುಲ್ಲಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ. ಪುಲ್ಲಿ ಹತ್ತು ಡಿಗ್ರಿ ತಿರುಗಿದರೂ ರೋಟರ್ ಮಿಸುಕದಿದ್ದರೆ ಚೈನ್ ಸಡಿಲವಾಗಿದೆ.

ಇಷ್ಟಾದ ಮೇಲೂ ಸಿಡಿದರೆ: ವಾಲ್ವ್

ಇತ್ತೀಚೆಗೆ ಹೆಡ್ ಬಿಚ್ಚಿ ಜೋಡಿಸಿದ ಗಾಡಿಯಾದರೆ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, ನೋಡಿ. ಅಂಬಾಸಿಡರಿನಲ್ಲಿ ಬಿಸಿ ಇಂಜಿನ್ನಿಗೆ 0.38 ಮಿ.ಮೀ.; ಸ್ಟಾರ್ಟೇ ಆಗದ ಗಾಡಿಗೆ ತಣ್ಣಗಿರುವಾಗಲೇ ಅಷ್ಟು ಇಟ್ಟು, ಓಡಿದ ಮೇಲೆ ಮತ್ತೆ ಸರಿಪಡಿಸಬಹುದು. ಮುಂದಿನಿಂದ ಎಣಿಸಿದ ಎಂಟು ವಾಲ್ವ್‌ಗಳಿಗೆ ಒಂಬತ್ತರ ಲೆಕ್ಕ: 8ನೆಯದು ಪೂರ್ತಿ ಒತ್ತಿ ತೆರೆದಿರುವಾಗ 1ನೆಯದನ್ನು, 6 ತೆರೆದಿರುವಾಗ 3ನ್ನು ಸರಿಮಾಡಬೇಕು. ಕೂಡಿಸಿದರೆ ಒಂಬತ್ತಾಗಬೇಕು. ಗ್ಯಾಪೇ ಇಲ್ಲದಷ್ಟು ಬಿಗಿದ ಇನ್‌ಲೆಟ್ ವಾಲ್ವ್ ಮುಚ್ಚುವುದೇ ಇಲ್ಲ; ಆ ಸಿಲಿಂಡರಿನ ಸರದಿ ಬಂದಾಗಲೆಲ್ಲ ಲೆಕ್ಕವಿಟ್ಟಂತೆ ಕಾರ್ಬೊರೇಟರಿನಲ್ಲಿ ಫಟ್ ಎನ್ನುತ್ತದೆ.

ಕಂಪ್ರೆಷನ್ ಗೇಜ್ ಸಿಕ್ಕಿದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದೊಂದು ಸಿಲಿಂಡರನ್ನೂ ಐದಾರು ಸುತ್ತು ನೋಡಿ. ಓಡಿದ ಇಂಜಿನ್ನಿನಲ್ಲಿ 110ರಿಂದ 130 ಪಿ.ಎಸ್.ಐ. ಬಂದರೆ ಒಳ್ಳೆಯದು. ಸಿಲಿಂಡರುಗಳ ನಡುವೆ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಮ್ಮಿ ಬಂದದ್ದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಒಟ್ಟಿಗೆ ಕಮ್ಮಿಯಾದರೆ ಹೆಡ್ ಗ್ಯಾಸ್ಕೆಟ್ ಆ ಎರಡರ ನಡುವೆ ಹೋಗಿದೆ. ಅದು ಅಂಗಳದ ಕೆಲಸವಲ್ಲ, ಗ್ಯಾರೇಜಿಗೆ ಎಳೆಸಿ.

ಕೊನೆಗೆ ಪೆಟ್ರೋಲ್

ಪಂಪಿನಿಂದ ಕಾರ್ಬೊರೇಟರಿಗೆ ಬರುವ ಪೈಪನ್ನು ಬಿಚ್ಚಿ ಗಾಜಿನ ಬಾಟಲಿಗೆ ಇಟ್ಟು, ಕಾಯಿಲಿನ ವೈರ್ ಕಿತ್ತು ಅರ್ಥ್ ಮಾಡಿ, ಸೆಲ್ಫ್ ಹೊಡೆಸಿ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರಬೇಕು. ಬಾಟಲಿಯನ್ನು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ, ಅಥವಾ ಪೂರ್ತಿ ಮಬ್ಬಾಗಿದ್ದರೆ, ನೀರು ಸೇರಿದೆ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ಗಡಿ ದಾಟಿ ತಲಪಾಡಿಯ ಆಚೆ ಕಮ್ಮಿ ಬೆಲೆಗೆ ತುಂಬಿಸಿದರೂ ಅದೇ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹೆಚ್ಚು ಹೀರಿದರೆ ನೀರಿನ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಪೈಪು ಹೀರುವುದೂ ತಳದಿಂದಲೇ. ಮೂರು ತಿಂಗಳಿಗಿಂತ ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದು ಹೊಸತು ಹಾಕುವುದು ಲೇಸು. ಮೆತ್ತಗಾಗಿ ಉಬ್ಬಿದ ಹಳೆ ರಬ್ಬರ್ ಪೈಪಿಗೆ ಬದಲಾಗಿ ಎಸ್.ಎ.ಇ. ಜೆ30 ಆರ್9 ಎಂದು ಮುದ್ರೆ ಇರುವುದನ್ನು ಹಾಕಿ.

ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆ ಜೆಟ್ಟಿಗೆ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ಬಿಡುವ ಸಣ್ಣ ತೂತಿಗೆ) ಮಿಶ್ರಣ ತೆಳ್ಳಗಾಗುತ್ತದೆ, ಬೆಳಿಗ್ಗೆ ತಣ್ಣಗಿರುವಾಗ ಕಾರ್ಬೊರೇಟರಿನಲ್ಲಿ ಫಟ್ ಎನ್ನುವುದಕ್ಕೆ ಇದೂ ಕಾರಣ. ಎಸ್.ಯು. ಕಾರ್ಬೊರೇಟರಾದರೆ ಜೆಟ್ಟಿನ ಕೆಳಗಿನ ಷಟ್ಕೋನ ನಟ್ಟನ್ನು ಒಂದು ಮುಖದಷ್ಟು, ಹೆಚ್ಚೆಂದರೆ ಎರಡು ಮುಖದಷ್ಟು ಕೆಳಕ್ಕೆ ಇಳಿಸಿ. ಯಾರೋ ತಿರುಗಿಸಿ ಲೆಕ್ಕ ತಪ್ಪಿಸಿದ್ದರೆ ಜೆಟ್ಟನ್ನು ಸೇತುವೆಯ, ಅಂದರೆ ಕಾರ್ಬೊರೇಟರಿನೊಳಗೆ ಪಿಸ್ಟನ್ ಬಂದು ಕೂರುವ ದಿಬ್ಬದ, ಮಟ್ಟಕ್ಕೆ ತಂದು ಅಲ್ಲಿಂದ ಎರಡು ಪೂರ್ತಿ ಸುತ್ತು ಇಳಿಸಿ ಶುರುಮಾಡಿ. ಪಕ್ಕದ ಪಿನ್ನಿನಿಂದ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಎಂದು ಬೀಳಬೇಕು. ಮೇಲಿನ ಡ್ಯಾಶ್‌ಪಾಟಿಗೆ ಎಸ್.ಎ.ಇ. 20 ಎಣ್ಣೆ. ಸೋಲೆಕ್ಸ್ ಕಾರ್ಬೊರೇಟರಾದರೆ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ತಳಕ್ಕೆ ಮುಟ್ಟಿಸಿ ಒಂದೂವರೆ ಸುತ್ತು ಹಿಂದಕ್ಕೆ.

ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡಿನ ನಟ್ಟುಗಳನ್ನು ಬಿಗಿದು, ವ್ಯಾಕ್ಯೂಮ್ ಪೈಪ್ ಬಿರಿದಿಲ್ಲವೆಂದು ನೋಡಿ. ಗಾಳಿ ಅಲ್ಲಿಂದ ನುಗ್ಗಿದರೂ ಮಿಶ್ರಣ ತೆಳ್ಳಗೇ. ಚೋಕ್ ಕೇಬಲ್ ತುಕ್ಕು ಹಿಡಿದು ಎಳೆದಲ್ಲೇ ನಿಂತಿದ್ದರೆ ಇದಕ್ಕೆ ವಿರುದ್ಧ: ಪ್ಲಗ್ ಕರಿ, ಸೈಲೆನ್ಸರಿನಲ್ಲಿ ಸಿಡಿತ.

ಸ್ಟಾರ್ಟ್ ಆದ ಮೇಲೆ

ಡಿಪ್‌ಸ್ಟಿಕ್ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ಮೊದಲಿಗಿಂತ ಏರಿದ್ದರೆ, ಗಂಟೆಗಟ್ಟಲೆ ಸೆಲ್ಫ್ ಹೊಡೆದಾಗ ಪೆಟ್ರೋಲ್ ರಿಂಗ್ ದಾಟಿ ಕೆಳಗೆ ಇಳಿದಿದೆ. ಆ ಆಯಿಲಿನಲ್ಲಿ ಗಾಡಿ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಬದಲಿಸಿಯೇ ರಸ್ತೆಗೆ ಇಳಿಸಿ. ಸೈಲೆನ್ಸರಿನ ಜೋಡಣೆಗಳಲ್ಲಿ ಕಪ್ಪು ಮಸಿ ಹಾರಿದ್ದರೆ ಸಿಡಿತಕ್ಕೆ ಬಿಟ್ಟುಕೊಂಡಿದೆ. ಬಿಗಿಯದೆ ಬಿಟ್ಟರೆ ಅಲ್ಲಿಂದ ಗಾಳಿ ಒಳಗೆ ಸೇರಿ, ಇಳಿಜಾರಿನಲ್ಲಿ ಕಾಲು ತೆಗೆದಾಗ ಮತ್ತೆ ಡಬ್ ಡಬ್ ಎನ್ನುತ್ತದೆ.

ಟೈಮಿಂಗಿನ ಕೊನೆಯ ತೂಕ ರಸ್ತೆಯಲ್ಲೇ ಗೊತ್ತಾಗುವುದು. ಇಂಜಿನ್ ಬಿಸಿಯಾದ ಮೇಲೆ ಬದಿಯಡ್ಕದಿಂದ ಪೆರ್ಲದ ಕಡೆಗಿರುವಂಥ ಏರಿನಲ್ಲಿ ಟಾಪ್ ಗೇರಿನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಒತ್ತಿ. ಲೋಹ ಬಡಿದಂತೆ ಕಟಕಟ ಶಬ್ದ ಬಿಡದೆ ಬಂದರೆ ಟೈಮಿಂಗ್ ಮುಂದಿದೆ, ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೆ ಒಂದೆರಡು ಡಿಗ್ರಿ ಸರಿಸಿ. ಶಬ್ದವೇ ಇಲ್ಲದೆ ಗಾಡಿ ಏರಲಾರದೆ ಬಿಸಿಯಾದರೆ ಹಿಂದಿದೆ, ಎದುರು ದಿಕ್ಕಿಗೆ ಸರಿಸಿ. ಒತ್ತಿದ ಕೂಡಲೇ ಎರಡೇ ಎರಡು ಕ್ಷಣ ಸಣ್ಣಗೆ ಕಟಕಟ ಎಂದು ಮಾಯವಾದರೆ ಅಲ್ಲೇ ಬಿಟ್ಟು ಕ್ಲಾಂಪನ್ನು ಬಿಗಿಯಿರಿ.